ಆರೂ ಇಪ್ಪತ್ತರ ಕರೆ

ಬೆಟ್ಟದ ನೆತ್ತಿಯ ಬಾಡಿಗೆ ಮನೆಗೆ ಬರುವ ತನಕ ನಿಮಿಷಪ್ಪನವರಿಗೆ ಹೆದರಿಕೆ ಎಂದರೆ ಏನೆಂದೇ ಗೊತ್ತಿರಲಿಲ್ಲ. (ಹೆಂಡತಿಯ ಹೆದರಿಕೆಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.) ಅವರದು ಗಡಿಯಾರ ರಿಪೇರಿ ಕೆಲಸ. ನೆಂಟರ ಮನೆಗೆ ಊಟಕ್ಕೆ ಹೋದರೂ ತಟ್ಟೆಯ ಮುಂದೆ ಕೂತು "ಒಂದು ಗಂಟೆ ಅಂದಿದ್ರಿ, ಈಗ ಒಂದೂ ಮೂರು" ಎನ್ನುವ ಆಸಾಮಿಯಾದ್ದರಿಂದ ನೆಂಟರೇ ಆ ಹೆಸರಿಟ್ಟಿದ್ದರು.

ಮನೆ ಎರಡು ಸೀಮೆಗಳ ಗಡಿಯ ಮೇಲಿತ್ತು. ಮುಂದಿನ ಕೋಣೆ ಈಚೆ ಸೀಮೆಗೆ ಮುಖ ಮಾಡಿದರೆ, ಅಡುಗೆಮನೆಯ ಕಿಟಕಿ ಆಚೆ ಸೀಮೆಯ ಕಣಿವೆಯನ್ನು ನೋಡುತ್ತಿತ್ತು. ಆ ಕಣಿವೆಯಲ್ಲಿ ಮಂಜು ಮುಚ್ಚಿಕೊಂಡರೆ ಒಂದು ಟವರಿನ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಅದು ಹೊತ್ತಿ ಆರುವುದನ್ನು ಕಂಡರೆ ಯಾರೋ ಒಂಟಿಗಣ್ಣಿನಲ್ಲಿ ತಮ್ಮ ಒಲೆಯನ್ನೇ ದಿಟ್ಟಿಸುತ್ತಿದ್ದಾರೆ ಅನ್ನಿಸುತ್ತಿತ್ತು ನಿಮಿಷಪ್ಪನವರಿಗೆ.

ಫೋನ್ ಅಂಗಡಿಯವನು ಮೊದಲೇ ಹೇಳಿದ್ದ. "ಸಾರ್, ಈಚೆ ಕಡೆ ಸಿಮ್ಮು ಹಾಕೋ ಪದ್ಧತಿ. ಆಚೆ ಕಡೆ ಸಿಮ್ಮೇ ಇಲ್ಲ, ನಂಬರನ್ನ ಫೋನಿನ ಹೊಟ್ಟೆಯೊಳಗೇ ಬರೆದುಬಿಡ್ತಾರೆ. ಇದರ ಮಾತು ಅದಕ್ಕೆ ತಿಳಿಯಲ್ಲ, ಅದರ ಮಾತು ಇದಕ್ಕೆ ತಿಳಿಯಲ್ಲ. ನಿಮ್ಮ ಮನೆ ಗಡಿ ಮೇಲಿದೆ, ಎರಡೂ ತಿಳಿಯೋ ಫೋನ್ ತಗೊಳ್ಳಿ. ಯಾವ ಟವರು ಜೋರಾಗಿ ಕೂಗತ್ತೋ ಅದು ಹೇಳಿದ ಹಾಗೆ ಕೇಳತ್ತೆ."

"ನಮ್ಮೆಜಮಾನರ ಥರ," ಎಂದಿದ್ದಳು ಹೆಂಡತಿ. ಫೋನು ಆಗಲೇ ಖರೀದಿಯಾಗಿತ್ತು.

ಮೂರನೆಯ ದಿನದಿಂದ ಶುರುವಾಯಿತು. ಪ್ಲಗ್ ಖಾಲಿ ಇದ್ದದ್ದು ಅಡುಗೆಮನೆಯಲ್ಲಿ ಮಾತ್ರ. ಬೆಳಗಿನ ಆರಕ್ಕೆ ಅಲಾರಂ ಇಟ್ಟು ಫೋನನ್ನು ಅಲ್ಲಿಟ್ಟರೆ ಅದು ಐದೂವರೆಗೇ ಅರಚಿಕೊಳ್ಳುತ್ತಿತ್ತು. ನಿದ್ದೆಗಣ್ಣಿನಲ್ಲಿ ಅದರ ಬಾಯಿ ಮುಚ್ಚಿಸಿ ಮುಂದಿನ ಕೋಣೆಗೆ ತಂದು ನೋಡಿದರೆ ಸರಿಯಾಗಿ ಐದೂ ಮೂವತ್ತೆರಡು, ಏನೂ ಅರಿಯದ ಕೂಸಿನಂತೆ. ಮತ್ತೆ ಆರಕ್ಕೆ ಇನ್ನೊಮ್ಮೆ ಅರಚುವುದು! ಒಂದೇ ಬೆಳಗು ಎರಡೆರಡು ಸಲ ಆಗುವುದೆಂದರೇನು?

"ಈ ಮನೆಯಲ್ಲಿ ಏನೋ ಇದೆ ಕಣೇ," ಎಂದರು ನಿಮಿಷಪ್ಪನವರು ಹೆಂಡತಿಗೆ.

"ಇದೆಯಲ್ಲ, ಎರಡು ದಿನದ ಪಾತ್ರೆ. ತೊಳೀರಿ," ಎಂದಳು ಆಕೆ.

ನಿಮಿಷಪ್ಪನವರು ಪಾತ್ರೆ ತೊಳೆದರು. ಆಮೇಲೆ ಫೋನಿನ ಸದ್ದಡಗಿಸಿ, ಸಕ್ಕರೆ ಡಬ್ಬಿಯ ಹಿಂದೆ ತಳ್ಳಿ, ಆ ಕಡೆ ನೋಡುವುದನ್ನೇ ಬಿಟ್ಟರು.

ಹೆಂಡತಿ ಬಸ್ ಓಡಿಸುವವಳು. ಹತ್ತು ವರ್ಷದಿಂದ ಸಂಜೆ ಪಾಳಿ. ಆಕೆ ಮನೆಗೆ ಬರುವ ಹೊತ್ತಿಗೆ ಗಂಡನ ಊಟವಾಗಿ ತಟ್ಟೆ ಒಣಗಿರುತ್ತಿತ್ತು. ಹತ್ತು ವರ್ಷ ಒಂದು ದಿನವೂ ತಡವಾಗದೆ ಬಸ್ ಓಡಿಸಿದವರಿಗೆ ಡಿಪೋದವರು ಬೇಕಾದ ಪಾಳಿ ಕೊಡುತ್ತಿದ್ದರು. ಆ ಹತ್ತು ವರ್ಷ ತುಂಬಲು ಆ ದಿನ ಉಳಿದದ್ದು ಸಂಜೆಯ ಮೊದಲ ಟ್ರಿಪ್ಪು ಒಂದೇ. ಆರೂ ಐದಕ್ಕೆ ಹೊರಟು ಆರೂ ಮೂವತ್ತೈದಕ್ಕೆ ಕೊನೇ ಸ್ಟಾಪ್ ಮುಟ್ಟಿಬಿಟ್ಟರೆ ನಾಳೆಯಿಂದ ಬೆಳಗಿನ ಪಾಳಿ, ಇಬ್ಬರಿಗೂ ಒಟ್ಟಿಗೆ ರಾತ್ರಿಯೂಟ. ಆ ಊಟದ ಆಸೆ ಹೆಂಡತಿಗಿಂತ ನಿಮಿಷಪ್ಪನವರಿಗೇ ಹೆಚ್ಚಾಗಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಆ ಸಂಜೆ ಅವರು ಮುಂದಿನ ಕೋಣೆಯಲ್ಲಿ ಕೂತು, ಪಟ್ಟಿ ಕಟ್ಟಿದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಆಚೆ ಸೀಮೆಯ ಟೀಚರಮ್ಮನ ಕೈಗಡಿಯಾರಕ್ಕೆ ಮುಳ್ಳು ಕೂರಿಸಿ ಕೊಟ್ಟರು. ಆಚೆ ಸೀಮೆಯವರ ಗಡಿಯಾರ ಅರ್ಧ ಗಂಟೆ ಮುಂದೆ. ಅದನ್ನು ನೆನಪಿಟ್ಟು ಮುಂದಕ್ಕೇ ಇಟ್ಟುಕೊಟ್ಟರು. ಟೀಚರಮ್ಮ ಬಸ್ಸು ಹಿಡಿಯಲು ಡಿಪೋದ ಕಡೆ ಹೋದರು.

ಭೂತಗನ್ನಡಿಯನ್ನು ಹಣೆಗೇರಿಸಿ ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಸಕ್ಕರೆ ಡಬ್ಬಿಯ ಹಿಂದಿನಿಂದ ಬಿಳಿಚಿದ ಬೆಳಕೊಂದು ಗೋಡೆಯ ಮೇಲೆ ಹೊತ್ತಿ, ಆರಿತು. ಕಿಟಕಿಯಾಚೆ ಮಂಜಿನಲ್ಲಿ ಕೆಂಪು ಕಣ್ಣೂ ಹೊತ್ತಿ, ಆರಿತು. ಎರಡೂ ಒಟ್ಟಿಗೆ. ನಿಮಿಷಪ್ಪನವರು ಫೋನನ್ನು ಎರಡು ಬೆರಳಲ್ಲಿ ಹಿಡಿದು ಮುಂದಿನ ಕೋಣೆಯ ದೀಪದ ಕೆಳಗೆ ತಂದರು.

ತಪ್ಪಿದ ಕರೆಗಳು ಏಳು. ಮನೆಯಾಕೆ. ಇಂದು, ಸಂಜೆ 6:20.

ಫೋನಿನ ಮೇಲ್ತುದಿಯಲ್ಲಿ ಹೊತ್ತು ನೋಡಿದರು. 5:58. ಕೈಗಡಿಯಾರ ನೋಡಿದರು. 5:58. ಗೋಡೆಯ ಮೇಲೆ ರಿಪೇರಿಗೆ ಬಂದು ಗುಣವಾದ ಹದಿನಾರು ಗಡಿಯಾರಗಳಿದ್ದವು. ಹದಿನಾರೂ ಒಂದೇ ಸ್ವರದಲ್ಲಿ 5:58 ಎಂದವು. ಜಗತ್ತಿನಲ್ಲಿ ಎಲ್ಲವೂ ಸರಿಯಾಗಿತ್ತು, ಆ ಕರೆಯೊಂದನ್ನು ಬಿಟ್ಟು. ಅದು ಇನ್ನೂ ಬಾರದ ಹೊತ್ತಿನಿಂದ ಬಂದಿತ್ತು.

ಜೊತೆಗೊಂದು ದನಿಸಂದೇಶ. ಕೇಳಿಸಿಕೊಂಡರು. ಮೊದಲು ಎಂಜಿನ್ನಿನ ಗುರುಗುರು. ಆಮೇಲೆ ಹೆಂಡತಿಯ ದನಿ, ಬಾವಿಯ ತಳದಿಂದ ಬಂದ ಹಾಗೆ, ಮುಳುಗುತ್ತಾ ತೇಲುತ್ತಾ: "ರೀ... ಇವತ್ತು ನೀವು ಬರಬೇಡಿ... ಕೇಳಿಸ್ತಾ?... ಏನೇ ಆಗ್ಲಿ, ಬರಬೇಡಿ..."

ನಿಮಿಷಪ್ಪನವರು ತಿರುಗಿ ಕರೆ ಮಾಡಿ, ಫೋನನ್ನು ಕಿವಿಗೊತ್ತಿಕೊಂಡು, ಸಿಗ್ನಲ್ ಜೋರಾಗಿದ್ದ ಅಡುಗೆಮನೆಗೆ ಓಡಿದರು. ಲೈನು ಕಟ್ಟಾಯಿತು. ಕಣ್ಣುಮುಚ್ಚಿ ಮತ್ತೆ ಗುಂಡಿ ಒತ್ತಿದರು. ಗುರುತಿಲ್ಲದ ಹೆಂಗಸೊಬ್ಬಳು ಅತ್ಯಂತ ಶಾಂತವಾಗಿ ಹೇಳಿದಳು: "ನೀವು ಕರೆ ಮಾಡಿರುವ ಸಂಖ್ಯೆ ಅಸ್ತಿತ್ವದಲ್ಲಿಲ್ಲ."

ದಿನಾ ಸ್ಟಾಪಿಗೆ ಹೋಗಿ ಕೈಗಡಿಯಾರದ ಜೊತೆ ತಾಳೆ ನೋಡಿ ನೋಡಿ ಹೆಂಡತಿಯ ಟೈಂಟೇಬಲ್ ಅವರಿಗೆ ಬಾಯಿಪಾಠ. ಆರೂ ಇಪ್ಪತ್ತಕ್ಕೆ ಬಸ್ಸು ಎಲ್ಲಿರುತ್ತದೆ? ಕಲ್ಲುಗಣಿಯ ತಿರುವಿನಲ್ಲಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳ ಗೊತ್ತಿಲ್ಲದ ನೀರು. ಬಾವಿಯ ತಳದ ಆ ದನಿ ಎಲ್ಲಿಂದ ಬಂತೆಂದು ಈಗ ಅವರಿಗೆ ಸಂಶಯವೇ ಉಳಿಯಲಿಲ್ಲ. ಮುಳುಗುವಾಗಲೂ ಗಂಡನಿಗೆ ಏನೂ ಆಗಬಾರದೆಂದು ಬರಬೇಡಿ ಎಂದಳಲ್ಲ ಪುಣ್ಯಾತ್ಗಿತ್ತಿ! ಆಕೆಯಿಲ್ಲದ ಮನೆ, ಒಂದೇ ತಟ್ಟೆ, ಹದಿನಾರು ಗಡಿಯಾರ. ನಿಮಿಷಪ್ಪನವರಿಗೆ ಅಳು ಒತ್ತರಿಸಿಕೊಂಡು ಬಂತು. ಚಪ್ಪಲಿ ಹಾಕುವುದನ್ನೂ ಮರೆತು, ಫೋನು ಕೈಯಲ್ಲಿ, ಭೂತಗನ್ನಡಿ ಹಣೆಯ ಮೇಲಿರುವಂತೆಯೇ ಬೆಟ್ಟ ಇಳಿದು ಓಡಿದರು.

ಆರೂ ಹದಿನಾಲ್ಕಕ್ಕೆ ತಿರುವಿಗೆ ಸ್ವಲ್ಪ ಮೊದಲೇ ರಸ್ತೆಯ ನಡುವೆ ನಿಂತರು. ಗಣಿಯ ನೀರು ಕಪ್ಪಗೆ, ಅಲುಗದೆ ಮಲಗಿತ್ತು. ಅದರ ಮೇಲೆ ಮಂಜು ತೆವಳುತ್ತಿತ್ತು. ಹಕ್ಕಿಯ ಸದ್ದೂ ಇರಲಿಲ್ಲ. ಮುಂಗೈ ಗಡಿಯಾರದ ಟಿಕ್‌ಟಿಕ್ ಅವರಿಗೆ ಮೊದಲ ಸಲ ಅಸಹ್ಯವೆನಿಸಿತು.

ಆರೂ ಹತ್ತೊಂಬತ್ತಕ್ಕೆ ಮಂಜಿನೊಳಗೆ ಎರಡು ದೀಪ ಹುಟ್ಟಿದವು. ನಿಮಿಷಪ್ಪನವರು ಎರಡೂ ಕೈ ಚಾಚಿ ಕಿರುಚಿದರು. ಬ್ರೇಕು ಅವರಿಗಿಂತ ಜೋರಾಗಿ ಕಿರುಚಿತು. ಬಸ್ಸು ಅವರ ಹೊಟ್ಟೆಗೆ ಒಂದು ಮೊಳ ದೂರದಲ್ಲಿ ನಿಂತಿತು.

ಹೆಂಡತಿ ಕಿಟಕಿಯಿಂದ ತಲೆ ಹಾಕಿದಳು. "ರೀ! ಬರಬೇಡಿ ಅಂತ ತಾನೇ ಹೇಳಿದ್ದು!"

"ಹೇಳಿದ್ದೀಯ! ಆರೂ ಇಪ್ಪತ್ತಕ್ಕೆ ಹೇಳ್ತೀಯ! ಅದಕ್ಕೇ ಬಂದೆ!" ಎಂದು ನಿಮಿಷಪ್ಪನವರು ಬಿಕ್ಕಿದರು. "ಇನ್ನೊಂದು ನಿಮಿಷ ಬಸ್ ಅಲುಗಬಾರದು. ಅಲುಗಿದ್ರೆ ನೀನು ನನಗಿಲ್ಲ!"

ಅಷ್ಟು ಹೇಳಿ ಮುಂದಿನ ಚಕ್ರವನ್ನು ತಬ್ಬಿಕೊಂಡು ಕೂತುಬಿಟ್ಟರು. ಆರೂ ಇಪ್ಪತ್ತಾಯಿತು. ಆರೂ ಇಪ್ಪತ್ತೊಂದಾಯಿತು. ಯಾರೂ ಸಾಯಲಿಲ್ಲ. ಬಸ್ಸಿನಿಂದ ಕೈಯಲ್ಲಿ ಪುಸ್ತಕ ಹಿಡಿದ ಚೆಕಿಂಗ್ ಇನ್ಸ್‌ಪೆಕ್ಟರು ಇಳಿದರು, ಅವರ ಹಿಂದೆ ಟೀಚರಮ್ಮ.

"ಯಾರಮ್ಮ ಇವರು?" ಎಂದರು ಇನ್ಸ್‌ಪೆಕ್ಟರು.

ಹೆಂಡತಿ ಒಂದು ಕ್ಷಣ ಯೋಚಿಸಿದಳು. "ನಮ್ಮ ಮನೆಯವರು," ಎಂದಳು, ಬೇರೆ ದಾರಿಯಿಲ್ಲದೆ. ಮತ್ತೆ ಗಂಡನ ಕಡೆ ತಿರುಗಿ, "ಇನ್ಸ್‌ಪೆಕ್ಟರು ಬರ್ತಾರೆ, ದಿನಾ ಬಂದ ಹಾಗೆ ಸ್ಟಾಪಿಗೆ ಬಂದು ಗಡಿಯಾರ ತೋರಿಸಿ ಕುಣೀಬೇಡಿ ಅಂತ ಏಳು ಸಲ ಫೋನ್ ಮಾಡ್ದೆ. ಐದೂ ಐವತ್ತಕ್ಕೆ!"

"ಆರೂ ಇಪ್ಪತ್ತಕ್ಕೆ," ಎಂದು ನಿಮಿಷಪ್ಪನವರು ಫೋನು ಚಾಚಿ, ಮುಳುಗುವ ದನಿಯನ್ನೂ ಕೇಳಿಸಿ, ನಂಬರೇ ಇಲ್ಲವೆಂದ ಹೆಂಗಸಿನ ಮಾತನ್ನೂ ಹೇಳಿದರು. ಹೊತ್ತಿನ ವಿಷಯದಲ್ಲಿ ಅವರು ಯಾರ ಮಾತನ್ನೂ ಒಪ್ಪಿದವರಲ್ಲ.

ಟೀಚರಮ್ಮ ಇಣುಕಿ ನೋಡಿ, ಪಾಠ ಹೇಳುವ ದನಿಯಲ್ಲಿ ಶುರುಮಾಡಿದರು. "ಫೋನು ಅಡುಗೆಮನೇಲಿತ್ತಾ? ಹಾಗಾದ್ರೆ ನಮ್ಮ ಟವರಿಗೆ ಸಿಕ್ಕಿದೆ. ನಮ್ಮ ಟವರು ನಮ್ಮ ಟೈಮೇ ಬರೆಯತ್ತೆ. ದನಿ ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಬರೋವಾಗ ಹೀಗೇ ಮುಳುಗತ್ತೆ. ಅಲ್ಲಿಂದ ಈಚೆ ಕಡೆಗೆ ಮಾಡೋದಾದ್ರೆ ನಂಬರಿನ ಮುಂದೆ ಎರಡು ಸೊನ್ನೆ ಸೇರಿಸಬೇಕು." ಆಮೇಲೆ ತಮ್ಮ ಮುಂಗೈ ಮುಂದೆ ಹಿಡಿದು, "ಅರ್ಧ ಗಂಟೆ ಮುಂದೆ ಇಟ್ಟುಕೊಟ್ಟಿದ್ದು ನೀವೇ ಅಲ್ವಾ, ಇವತ್ತೇ?" ಎಂದರು.

ಬಸ್ಸಿನ ಅಷ್ಟೂ ಕಿಟಕಿಗಳಲ್ಲಿ ತಲೆಗಳಿದ್ದವು. ನಿಮಿಷಪ್ಪನವರು ಚಕ್ರವನ್ನು ಬಿಟ್ಟು ಮೇಲೆದ್ದರು. ಗಣಿಯ ನೀರು ಅವರಿಗೆ ಈಗ ಅಷ್ಟೇನೂ ಕೆಟ್ಟದಾಗಿ ಕಾಣಲಿಲ್ಲ.

ಬಸ್ಸು ಕೊನೇ ಸ್ಟಾಪ್ ಮುಟ್ಟಿದ್ದು ಹನ್ನೊಂದು ನಿಮಿಷ ತಡವಾಗಿ. ಹತ್ತು ವರ್ಷದಲ್ಲಿ ಮೊದಲ ಸಲ, ಅದೂ ನಿಮಿಷಪ್ಪನವರ ದೆಸೆಯಿಂದ! ಅವರು ಮನೆಗೆ ಬಂದು ಎರಡು ತಟ್ಟೆ ತೊಳೆದಿಟ್ಟು, ಕತ್ತಲಲ್ಲಿ ಕೂತರು. ಬೆಳಗಿನ ಪಾಳಿ ಹೋಯಿತು, ಒಟ್ಟಿಗಿನ ಊಟ ಹೋಯಿತು ಎಂದು ಮತ್ತೆ ಮತ್ತೆ ಲೆಕ್ಕ ಹಾಕಿದರು.

ಹೆಂಡತಿ ಬಂದವಳೇ ಕೈ ತೊಳೆದು, ಎರಡೂ ತಟ್ಟೆಗೆ ಬಡಿಸಿ, ಎದುರಿಗೆ ಕೂತಳು.

"ನಾಳೆ ಬೆಳಗ್ಗೆ ಐದಕ್ಕೆ ನನ್ನನ್ನ ಎಬ್ಬಿಸಿ," ಎಂದಳು. "ಮುಂದಿನ ಕೋಣೆ ಐದು. ಅಡುಗೆಮನೆ ಐದಲ್ಲ."

"ಪಾಳಿ ಕೊಟ್ರಾ? ತಡ ಆಯ್ತಲ್ಲೇ!"

"ಕೆಲವು ಕಾರಣಗಳಿಗೆ ತಡವಾದ್ರೆ ಲೆಕ್ಕಕ್ಕೆ ಹಿಡಿಯಲ್ಲವಂತೆ," ಎಂದು ಡಿಪೋದ ಕಾಗದದ ನಕಲನ್ನು ತಟ್ಟೆಯ ಪಕ್ಕಕ್ಕೆ ಸರಿಸಿದಳು. ನಿಮಿಷಪ್ಪನವರು ಹಣೆಯ ಮೇಲೇ ಉಳಿದಿದ್ದ ಭೂತಗನ್ನಡಿಯನ್ನು ಕಣ್ಣಿಗಿಳಿಸಿ ಓದಿದರು. ಕೆಳಗೆ ಇನ್ಸ್‌ಪೆಕ್ಟರ ಸಹಿ, ಸಾಕ್ಷಿಗೆ ಟೀಚರಮ್ಮನ ಸಹಿ. 'ತಡಕ್ಕೆ ಕಾರಣ' ಎಂಬಲ್ಲಿ ಹೆಂಡತಿಯ ಗುಂಡಗಿನ ಅಕ್ಷರ:

"ಪ್ರಕೃತಿ ವಿಕೋಪ. ಐದೂವರೆ ಅಡಿ ಎತ್ತರ. ಚಪ್ಪಲಿ ಇರಲಿಲ್ಲ."