ಚೀನಾ, ಅಮೆರಿಕ ಮತ್ತು ಮಗ್ಗದ ಮನೆಯ ತಗಡು

ನೆಮ್ಮದಿಯಾಗಿ ನಿದ್ದೆ ಮಾಡಬೇಕೆನ್ನುವವರು ಬೇಕಾದ್ದು ಮಾಡಲಿ, ಭೂಮಿಯ ಎರಡು ಮಗ್ಗುಲಿನ ದೇಶಗಳಲ್ಲಿ ಒಟ್ಟಿಗೇ ದುಡ್ಡು ಇಡಬಾರದು. ಒಂದು ಮಲಗುವಾಗ ಇನ್ನೊಂದು ಏಳುತ್ತದೆ. ನಡುವೆ ನಾವು ಮಾತ್ರ ಎದ್ದೇ ಇರುತ್ತೇವೆ. ಇಳಕಲ್ಲಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ನನಗೆ ಈ ಹಗಲು ರಾತ್ರಿಯ ಪಾಠ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಎರಡು ಸಾವಿರದ ಏಳರಲ್ಲಿ ಬಾಗಲಕೋಟೆಯ ಏಜೆಂಟನೊಬ್ಬ "ಮಾಸ್ತರ, ಇನ್ನ ಮುಂದ ಜಗತ್ತು ಅಂದ್ರ ಎರಡ ದೇಶರೀ" ಅಂದದ್ದೇ ತಡ, ಚೀನಾ ಮತ್ತು ಅಮೆರಿಕದ ಕಂಪನಿಗಳಲ್ಲಿ ಹಣ ತೊಡಗಿಸುವ ಎರಡು ಫಂಡುಗಳಿಗೆ ನನ್ನ ಉಳಿತಾಯವನ್ನೆಲ್ಲ ಸುರಿದುಬಿಟ್ಟೆ. ಸೊಲ್ಲಾಪುರದ ಆಚೆ ಕಾಲಿಟ್ಟವನಲ್ಲ ನಾನು.

ಚೀನಾದ ಪೇಟೆ ತೆರೆಯುವುದು ನಮ್ಮ ಬೆಳಗಿನ ಏಳಕ್ಕೆ. ಅಮೆರಿಕದ್ದು ಸಂಜೆ ಏಳಕ್ಕೆ. ನಮ್ಮ ಮನೆಯಲ್ಲಿ ಲಿಂಗಪೂಜೆಯ ಹೊತ್ತುಗಳೂ ಅವೇ. ಎಡ ಅಂಗೈ ಮೇಲೆ ಇಷ್ಟಲಿಂಗ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಕಣ್ಣು ಮಾತ್ರ ಟೀವಿ ಪರದೆಯ ತಳದಲ್ಲಿ ಓಡುವ ರೇಟುಗಳ ಪಟ್ಟಿಯ ಮೇಲೆ! ಒಂದು ದಿನ ನನ್ನ ಹೆಂಡತಿ ಕಸ್ತೂರಿ ಟೀವಿಯ ಮುಂದೆಯೇ ಎರಡು ಹೂ ಇಟ್ಟು ಹೋದಳು. "ಇದೇನ?" ಅಂದೆ. "ನೀವು ಪೂಜಾ ಮಾಡಾಕತ್ತಿದ್ದು ಇದನ್ನ ಅಲ್ರಿ? ಹೂವರ ಇರ್ಲಿ" ಅಂದಳು. ನಾಚಿಕೆಯಾಯಿತು. ಆದರೆ ಅದೇ ಕ್ಷಣಕ್ಕೆ ಪಟ್ಟಿಯಲ್ಲಿ ಚೀನಾ ಬಂತು, ನಾಚಿಕೆಯನ್ನು ಆಮೇಲೆ ಪಡೋಣವೆಂದು ಬಿಟ್ಟೆ.

ಹೀಗೆ ಹಗಲಿರುಳು ಗಮನಿಸಿ ಗಮನಿಸಿ ನನ್ನದೇ ಒಂದು ಸಿದ್ಧಾಂತವೂ ತಯಾರಾಗಿತ್ತು. ಅಮೆರಿಕದ ಕಂಪನಿ ಮಾತುಗಾರ ಅಳಿಯನಿದ್ದಂತೆ. ನಷ್ಟವಾದದ್ದನ್ನೂ ಎಷ್ಟು ಚಂದ ಹೇಳುತ್ತಾನೆಂದರೆ, ಕೇಳಿದ ಮಾವ ಕರಗಿ ಇನ್ನಷ್ಟು ಕೊಡುತ್ತಾನೆ. ಚೀನಾದ ಕಂಪನಿ ಮೂಗ ಅಳಿಯ. ಹಿತ್ತಲಲ್ಲಿ ಸದಾ ಏನೋ ದುಡಿಯುತ್ತಿರುತ್ತಾನೆ. ಎಷ್ಟು ಗಳಿಸಿದ, ಎಲ್ಲಿಟ್ಟ, ಮಾವನಿಗೂ ತಿಳಿಯದು. ನಾನು ಹುನಗುಂದದ ಸಂತೆಯಲ್ಲಿ ಕೊಂಡ ಚೀನಾ ಟಾರ್ಚು ಒಂದು ತಿಂಗಳು ಝಗಝಗ ಉರಿದು ಒಂದು ಮಾತೂ ಹೇಳದೆ ಕಣ್ಣು ಮುಚ್ಚಿತು. ಬೈಯೋಣವೆಂದರೆ ಅದರ ಮೇಲೆ ಮಾಡಿದವರ ಹೆಸರೂ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ನಾನು ಇದನ್ನೆಲ್ಲ ವಿವರಿಸತೊಡಗಿದರೆ ಗಣಿತದ ಮಾಸ್ತರರಿಗೂ ತಟ್ಟನೆ ಕ್ಲಾಸು ನೆನಪಾಗುತ್ತಿತ್ತು.

ಇತ್ತ ನಮ್ಮ ಮನೆಯ ಹಿಂದಿನ ಮಗ್ಗದ ಮನೆ ಸೋರುತ್ತಿತ್ತು. ಕಸ್ತೂರಿಯದು ಕುಣಿ ಮಗ್ಗ. ನೇಯುವವರು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ಮಳೆ ಬಂದರೆ ಗುಂಡಿಯಲ್ಲಿ ನೀರು, ನೀರಲ್ಲಿ ಅವಳ ಕಾಲು. ತಗಡು ಹೊದಿಸೋಣವೆಂದು ಅವಳು ಕೇಳಿದಾಗಲೆಲ್ಲ "ಸ್ವಲ್ಪ ತಡಿ, ರೇಟು ಏರ್ಲಿ" ಎಂದು ನಾನು. ಏರಿದರೆ, "ಏರಾಕತ್ತಾಗ ಯಾರರ ಮಾರ್ತಾರೇನ?" ಎಂದೂ ನಾನೇ. ಆ ಶ್ರಾವಣದಲ್ಲಿ ಅಮೆರಿಕದಲ್ಲಿ ಮನೆಸಾಲದ ಗದ್ದಲ ಎದ್ದು ನನಗೆ ಊಟವೂ ಸೇರದಂತಾಯಿತು. ಆಗ ಕಸ್ತೂರಿ ಒಂದು ಪಣ ಕಟ್ಟಿದಳು. "ಸೋಮವಾರ ರಜಾ ಹಾಕ್ರಿ, ಮಹಾಕೂಟಕ್ಕ ಹೋಗೂಣು. ಹೊತ್ತು ಮುಳುಗೂತನಕ ರೇಟ್ ಕೇಳಬ್ಯಾಡ್ರಿ. ಕೇಳಲಿಲ್ಲಂದ್ರ ನಿಮ್ಮ ರೊಕ್ಕ ಇದ್ದಲ್ಲೇ ಇರ್ಲಿ, ನಾ ಮತ್ತ ಚಕಾರ ಎತ್ತೂದಿಲ್ಲ. ಕೇಳಿದ್ರೋ, ಎಲ್ಲಾ ಮಾರಿ ಮಗ್ಗದ ಮನಿಗೆ ತಗಡು ಹೊದಿಸೂದು. ಒಪ್ಪಿಗೇನ್ರಿ?" ಒಂದು ಹಗಲು ತಾನೇ! ಒಪ್ಪಿಗೆ ಅಂದೆ.

ಒಂದು ಹಗಲು ಎಷ್ಟು ಉದ್ದ ಇರುತ್ತದೆಂದು ಭೂಗೋಳದ ಮಾಸ್ತರನಿಗೆ ಅಂದೇ ತಿಳಿದದ್ದು. ಬಸ್ಸಿನಲ್ಲಿ ಪಕ್ಕದವನು ಪೇಪರು ಬಿಡಿಸಿದರೆ ಕಸ್ತೂರಿ ನನ್ನ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸುತ್ತಿದ್ದಳು. ಮಹಾಕೂಟದ ಹೊಂಡದಲ್ಲಿ ಮೂರು ಸಲ ಮುಳುಗಿದೆ, ಮೂರು ಸಲವೂ ನೀರೊಳಗೆ ನೆನಪಾದದ್ದು ಚೀನಾ. ಎದ್ದು ನೋಡಿದರೆ ದಡದಲ್ಲಿ ಸಾಕ್ಷಾತ್ ಅಮೆರಿಕದವನೊಬ್ಬ ನಿಂತಿದ್ದಾನೆ! ರೇಟು ತಾನೇ ಕೇಳಬಾರದು? ತಲೆ ಒರೆಸುತ್ತ, ಇದ್ದಷ್ಟು ಇಂಗ್ಲಿಷು ಕೂಡಿಸಿ, ನಿಮ್ಮೂರಿನ ಅಂಗಡಿಗಳಲ್ಲಿ ಗಿರಾಕಿ ಹೇಗಿದೆಯೆಂದು ವಿಚಾರಿಸಿದೆ. ಅವನು ಬಿಸಿಲಿಗೆ ಟೊಪ್ಪಿಗೆ ತೆಗೆದು ಬೀಸಿಕೊಳ್ಳುತ್ತ ನಕ್ಕ. ಟೊಪ್ಪಿಗೆಯ ಹೊರಗೆ ಅಮೆರಿಕದ ಕಂಪನಿಯ ದೊಡ್ಡ ಹೆಸರು, ಒಳಗಿನ ಚೀಟಿಯಲ್ಲಿ ಸಣ್ಣಕ್ಷರದ ಚೀನಾ. ಒಂದೇ ತಲೆಯ ಮೇಲೆ ನನ್ನ ಎರಡೂ ಫಂಡು! ಸಂಭ್ರಮದಿಂದ ಕಸ್ತೂರಿಗೆ ತೋರಿಸಿದೆ. ಅವಳು ಹೊಲಿಗೆಯನ್ನು ನೋಡಿ, "ಚಂದ ಹೊಲದಾರ. ಹೊಲದಾಕಿಗೆ ಎಷ್ಟು ಕೊಟ್ಟಾರಂತ?" ಅಂದಳು. ನಾನು ಓದಿದ ಯಾವ ವರದಿಯಲ್ಲೂ ಅದು ಇರಲಿಲ್ಲ.

ಮರಳುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಕರದಂಟು ತರುತ್ತೇನೆಂದು ಇಳಿದ ಕಸ್ತೂರಿ ನೆಟ್ಟಗೆ ಎಸ್.ಟಿ.ಡಿ. ಬೂತಿಗೆ ನುಗ್ಗಿದಳು. ಗಾಜಿನಾಚೆ ಅವಳು ಹಣೆ ಒತ್ತಿಕೊಂಡದ್ದು ಕಂಡಿತು. ಕರದಂಟಿನ ಪೊಟ್ಟಣ ಹಿಡಿದು ಬಂದು ಕುಳಿತವಳ ಮುಖ ಇಷ್ಟೇ ಇಷ್ಟಾಗಿತ್ತು. ಏಜೆಂಟನಿಗೇ ಫೋನ್ ಮಾಡಿದ್ದಾಳೆ, ನನ್ನ ಆಯುಷ್ಯದ ಗಳಿಕೆ ನೀರಲ್ಲಿ ಹೋಮವಾಗಿದೆ, ಪಾಪ, ಹೇಳಲಾರದೆ ಕುಳಿತಿದ್ದಾಳೆ! ಕರದಂಟು ಬಾಯಿಗಿಟ್ಟರೆ ಮಣ್ಣು ತಿಂದಂತಾಯಿತು. ಹುನಗುಂದದವರೆಗೆ ಹೇಗೋ ತಡೆದೆ. ಆಮೇಲೆ ನನ್ನಿಂದಾಗಲಿಲ್ಲ. "ಕಸ್ತೂರಿ, ಖರೆ ಹೇಳು. ರೇಟು ಎಷ್ಟಾಗೇತಿ?"

ಅವಳು ಕಕ್ಕಾಬಿಕ್ಕಿಯಾಗಿ ನೋಡಿದಳು. "ಯಾವ ರೇಟ್ರಿ? ನಾ ಬಾಜೂಮನಿ ಪಾರವ್ವಗ ಫೋನ್ ಹಚ್ಚಿದ್ದೆ. ಇಳಕಲ್ಲಾಗ ದೊಡ್ಡ ಮಳಿ ಹೊಡದೈತಂತ. ಮಗ್ಗದ ಕುಣಿ ತುಂಬಿ, ಏರಿಸಿಟ್ಟ ಹಾಸೆಲ್ಲಾ ತೋದು ಹೋಗೈತಿ." ಇನ್ನೂ ನೇಯದ ಸೀರೆಗಳ ಅಷ್ಟೂ ನೂಲು. ಅವಳ ಕಣ್ಣು ತುಂಬಿತ್ತು. ನನಗೆ ನಿಜವಾಗಿ ಸಂಕಟವಾಯಿತು. ಅಷ್ಟರಲ್ಲಿ ಅವಳಿಗೆ ಪಣದ ನೆನಪಾಗಿರಬೇಕು. ಸೆರಗಿನಿಂದ ಕಣ್ಣೊರೆಸಿಕೊಂಡು ಬಸ್ಸಿನ ಹಿಂದಿನ ಗಾಜಿನತ್ತ ಬೆರಳು ಮಾಡಿದಳು. ಬಾದಾಮಿಯ ದಿಕ್ಕಿನಲ್ಲಿ ಸೂರ್ಯ ಇನ್ನೂ ಗೇಣುದ್ದ ಮೇಲಿದ್ದ.

ಎಲ್ಲ ಮಾರಿದೆ. ತಗಡು ಬಂತು. ದೀಪಾವಳಿಯ ತನಕ ಚೀನಾ ಏರುತ್ತಲೇ ಹೋಯಿತು, ನಾನು ದಿನಾ ತಗಡಿನ ಕೆಳಗೆ ನಿಂತು ನಿಟ್ಟುಸಿರು ಬಿಡುತ್ತಿದ್ದೆ. ಮರುವರ್ಷ ಎರಡೂ ದೇಶದ ಪೇಟೆಗಳು ಧೊಪ್ಪೆಂದು ಬಿದ್ದವು. ಹೆಡ್ಮಾಸ್ತರರೇ ಮನೆಗೆ ಬಂದರು. "ಏನ್ರಿ ಮಾಸ್ತರ, ಎಲ್ಲಾರೂ ಮುಳುಗ್ಯಾರ, ನೀವೊಬ್ರು ಪಾರಾಗೀರಿ! ಮೊದಲ ಹೆಂಗ ತಿಳೀತು?" ನಾನು ಗಂಟಲು ಸರಿಮಾಡಿಕೊಂಡು ಇಬ್ಬರು ಅಳಿಯಂದಿರ ಸಿದ್ಧಾಂತ ಹೇಳಿದೆ, ಟೊಪ್ಪಿಗೆಯ ಒಳಗು ಹೊರಗು ಬಿಡಿಸಿ ಹೇಳಿದೆ, ಲಕ್ಷಣಗಳು ನನಗೆ ಮಹಾಕೂಟದಲ್ಲೇ ಕಂಡಿದ್ದವು ಅಂದೆ.

ಚಹಾ ತಂದ ಕಸ್ತೂರಿ ಕಪ್ಪು ಕೈಗಿಡುತ್ತ, "ಹೌದ್ರಿ ಸರ್, ಇವರಿಗೆ ಹೊತ್ತು ಮುಳುಗೂ ಮದಲ ತಿಳಿದಿತ್ತು" ಅಂದಳು.

ಹೆಡ್ಮಾಸ್ತರರು ಭಕ್ತಿಯಿಂದ ತಲೆದೂಗಿದರು. ನಾನು ಚಹಾ ಬಿಸಿ ಇದೆಯೆಂಬಂತೆ ಮುಖ ಮಾಡಿಕೊಂಡು ಊದತೊಡಗಿದೆ.