ಕಡಿಮೆ ಖರ್ಚಿನ ಕಡಲ ದಾರಿ

ನಮ್ಮ ಮನೆಯಲ್ಲಿ ದುಡ್ಡು ಉಳಿಸುವ ಮಾತು ಶುರುವಾದಾಗಲೆಲ್ಲ ನಾನು ಮೊದಲು ಪರ್ಸು ತೆಗೆದು ಹತ್ತಿರ ಇಟ್ಟುಕೊಳ್ಳುತ್ತೇನೆ. ಉಳಿತಾಯದಷ್ಟು ದುಬಾರಿ ಹವ್ಯಾಸ ಇನ್ನೊಂದಿಲ್ಲ ಅನ್ನುವುದು ಮದುವೆಯಾದ ಮೇಲೆ ನಾನು ಕಲಿತ ಪಾಠ. ನಮ್ಮನೆಯವರು ಅಮೆರಿಕದ ಪ್ಲೆಸೆಂಟನ್ನಿನ ಒಂದು ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರು. ಬೇರೆಯವರ ಕೆಲಸ ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಾ ಇರುವುದೇ ಅವರ ಕೆಲಸ. ಈ ಬೇಸಿಗೆಯಲ್ಲಿ ಅವರು ಮನೆಯಲ್ಲೇ ಒಂದು ಪ್ರಾಜೆಕ್ಟು ಕೈಗೆತ್ತಿಕೊಂಡರು. ಕ್ಯಾಲಿಫೋರ್ನಿಯಾದ ಕರಾವಳಿಯುದ್ದಕ್ಕೂ ಕಾರಿನಲ್ಲಿ ಹೋಗಿ, ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಗೆ ಸಮುದ್ರ ತೋರಿಸುವುದು. ಅದೂ ಬಜೆಟ್ಟಿನಲ್ಲಿ.

ಹೇಗೂ ಹೋಗ್ತೀವಲ್ಲ

ಅತ್ತೆಗೆ ಎಪ್ಪತ್ತು ದಾಟಿದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಸಮುದ್ರದ ನೀರಿನಲ್ಲಿ ಕಾಲಿಟ್ಟಿಲ್ಲ. ಉಡುಪಿಗೇನೋ ಎಷ್ಟೋ ಸಲ ಹೋಗಿದ್ದಾರೆ. ಆದರೆ ನಮ್ಮ ಮಾವ ದರ್ಶನವಾಗಿ ಮಠದ ಊಟ ಮುಗಿದ ಕೂಡಲೇ "ನಡೀರಿ, ಬಸ್ಸು ತಪ್ಪುತ್ತೆ" ಎಂದು ಎಲ್ಲರನ್ನೂ ಎಬ್ಬಿಸುತ್ತಿದ್ದರಂತೆ. ಮಲ್ಪೆಗೆ ಹೋಗಲು ಆಟೋದವನು ಜಾಸ್ತಿ ಕೇಳುತ್ತಾನೆ ಎನ್ನುವುದು ಅವರ ಖಚಿತ ಅಭಿಪ್ರಾಯ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಮಾವನವರು ಹೋದರು, ಗುಣ ಮಾತ್ರ ಮಗನಲ್ಲಿ ಉಳಿಯಿತು.

ಬಂದಿಳಿದ ಮೊದಲ ವಾರವೇ ಅತ್ತೆ ಕೇಳಿದ್ದರು. "ಇಲ್ಲಿ ಸಮುದ್ರ ಹತ್ತಿರವಂತೆ, ಹೌದೇನೋ?"

ಹೌದು, ನಮ್ಮ ಮನೆಯಿಂದ ಒಂದು ಗಂಟೆಯ ದಾರಿ. ಆದರೆ ಮಧ್ಯೆ ಒಂದು ಸೇತುವೆ ಇದೆ, ಸೇತುವೆಗೆ ಟೋಲು ಇದೆ.

"ಬೇಸಿಗೇಲಿ ಹೇಗೂ ಕರಾವಳಿ ಪೂರ್ತಿ ಹೋಗ್ತೀವಲ್ಲಮ್ಮ. ಈಗ ಒಂದು ಚೂರು ನೋಡೋಕೆ ಯಾಕೆ ಸುಮ್ನೆ ಟೋಲು?" ಎಂದರು ನಮ್ಮನೆಯವರು.

"ಆಯ್ತಪ್ಪ" ಎಂದು ಅತ್ತೆ ಸುಮ್ಮನಾದರು. ಆಮೇಲಿನ ಶನಿವಾರ ಭಾನುವಾರಗಳಲ್ಲಿ ಅವರಿಗೆ ಅಕ್ಕಿಮೂಟೆ ಅಗ್ಗಕ್ಕೆ ಸಿಗುವ ಅಂಗಡಿ ತೋರಿಸಿದ್ದಾಯಿತು, ಪೆಟ್ರೋಲು ಅಗ್ಗಕ್ಕೆ ಸಿಗುವ ಬಂಕು ತೋರಿಸಿದ್ದಾಯಿತು, ಸ್ಯಾನ್ ರಮೋನಿನ ಸ್ನೇಹಿತರ ಮನೆಗೆ ಕರೆದುಕೊಂಡು ಹೋಗಿ ಅವರ ಅಡುಗೆಮನೆಯ ಕಟ್ಟೆಗೆ ಹಾಸಿದ ಹೊಸ ಕಲ್ಲು ತೋರಿಸಿದ್ದಾಯಿತು. ಸಮುದ್ರ ಬರಲೇ ಇಲ್ಲ. ಕೊನೆಗೆ ನನಗೇ ತಡೆಯಲಾಗದೆ, "ಅವರು ವಾಪಸ್ ಹೊರಡೋದ್ರೊಳಗೆ ತೋರಿಸ್ತೀರೋ ಇಲ್ವೋ?" ಎಂದೆ.

"ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ?" ಎಂದು ಗಾದೆ ಹೇಳಿದರು. ಹೆತ್ತ ತಾಯಿಯ ಬಗ್ಗೆ ಹೇಳುವ ಗಾದೆಯೇ ಅದು?

ಅತ್ತೆ ರೂಮಿನೊಳಗಿಂದಲೇ ಕೇಳಿಸಿಕೊಂಡು ಹೇಳಿದರು: "ಬಂದು ಐದು ತಿಂಗಳಾಯ್ತು ಕಣೋ. ಇಷ್ಟೊತ್ತಿಗೆ ಕೊಡಾನೇ ತೂತು ಬಿದ್ದಿರತ್ತೆ."

ಎಡಗಡೆಯ ಸಮುದ್ರ

ಮಗಳ ಶಾಲೆಗೆ ರಜೆ ಬಂತು. ಅತ್ತೆಯ ವಿಮಾನಕ್ಕೆ ಇನ್ನೊಂದೇ ವಾರ ಇತ್ತು. ಕಡಲ ಬದಿಯ ಹೋಟೆಲುಗಳ ದರ ನೋಡಿದ ನಮ್ಮನೆಯವರು ಲ್ಯಾಪ್‌ಟಾಪು ಮುಚ್ಚಿ ಒಂದು ಲೋಟ ನೀರು ಕುಡಿದರು. ಮಾರನೆಯ ದಿನ ನಮ್ಮನ್ನೆಲ್ಲ ಸೋಫಾದ ಮೇಲೆ ಕೂರಿಸಿ, ಟಿವಿಯಲ್ಲಿ ಸ್ಲೈಡು ಹಾಕಿ, ಪರಿಹಾರ ಘೋಷಿಸಿದರು. ಹೋಟೆಲೇ ಬೇಡ, ದಾರಿಯಲ್ಲಿ ಸಿಗುವ ಕನ್ನಡದವರ ಮನೆಗಳಲ್ಲಿ ಇಳಿದುಕೊಳ್ಳುವುದು.

ನಕ್ಷೆಯ ಮೇಲೆ ಕೆಂಪು ಚುಕ್ಕೆಗಳಿದ್ದವು. ಫ್ರೆಸ್ನೊದಲ್ಲಿ ಅವರ ಹಳೆಯ ಸಹೋದ್ಯೋಗಿ. ಬೇಕರ್ಸ್‌ಫೀಲ್ಡಿನಲ್ಲಿ ಹುಬ್ಬಳ್ಳಿ ಕಡೆಯ ಡಾಕ್ಟರ ದಂಪತಿ. ಲಾಸ್ ಏಂಜಲೀಸಿನ ಹತ್ತಿರ ನನ್ನ ಕಾಲೇಜಿನ ಗೆಳತಿ. ಚುಕ್ಕೆಗಳನ್ನು ಸೇರಿಸಿದ ಗೆರೆ ರಾಜ್ಯದ ಹೊಟ್ಟೆಯ ಮಧ್ಯೆ ನೆಟ್ಟಗೆ ಇಳಿದಿತ್ತು. ಎಲ್ಲಿಯೂ ನೀಲಿ ಬಣ್ಣ ಮುಟ್ಟಿರಲಿಲ್ಲ.

ನಮ್ಮ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಡ್ಯಾಡ್, ವೇರ್ ಈಸ್ ದ ಓಷನ್?" ಎಂದಳು.

"ಇದೇ ನೋಡು, ಮ್ಯಾಪಿನ ಎಡಗಡೆ. ದಾರಿಯುದ್ದಕ್ಕೂ ನಮ್ಮ ಜೊತೆಗೇ ಬರುತ್ತೆ."

ಜೊತೆಗೇ ಬರುತ್ತದೆ ನಿಜ, ನಡುವೆ ಒಂದು ಬೆಟ್ಟದ ಸಾಲು ಇದೆ ಅಷ್ಟೆ. ತಪ್ಪು ಅವರದೂ ಅಲ್ಲ. ನಮ್ಮವರೆಲ್ಲ ಮನೆ ಅಗ್ಗಕ್ಕೆ ಸಿಗುವ ಕಡೆ ಮನೆ ಕೊಂಡಿದ್ದಾರೆ. ಕಡಲ ಬದಿಯಲ್ಲಿ ಮನೆ ಕೊಳ್ಳುವಷ್ಟು ಅನುಕೂಲಸ್ಥರು ನಮ್ಮ ಪರಿಚಯದಲ್ಲಿಲ್ಲ. ಇದ್ದಿದ್ದರೆ ಅವರು ನಮ್ಮ ಪರಿಚಯ ಇಟ್ಟುಕೊಳ್ಳುತ್ತಿರಲಿಲ್ಲ. "ಕೊನೇ ದಿನ ಸಂಜೆ ಸಮುದ್ರ" ಎಂದು ನಮ್ಮನೆಯವರು ಕೊನೆಯ ಸ್ಲೈಡು ತೋರಿಸಿದರು. ಅದರಲ್ಲಿ ಸೂರ್ಯಾಸ್ತದ ಚಿತ್ರವಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ. ಅಕಸ್ಮಾತ್ ಆಗ್ಲಿಲ್ಲ ಅಂದ್ರೆ ಇದನ್ನೇ ನೋಡಿದ್ದು ಅಂತ ಹೇಳ್ತೀನಿ ಬಿಡು" ಎಂದರು.

ಪರಿಚಯವಿಲ್ಲದವರು

ಹೊರಗೆ ತಿಂದರೆ ಬಜೆಟ್ಟು ಕೆಡುತ್ತದೆಂದು ರೈಸ್ ಕುಕ್ಕರು, ಪುಟ್ಟ ಕರೆಂಟು ಒಲೆ ಕಾರು ಹತ್ತಿದವು. ಫ್ರೆಸ್ನೊಗೆ ಮುಂಚೆ ಫ್ರೀವೇ ಪಕ್ಕದ ವಿಶ್ರಾಂತಿ ತಾಣದಲ್ಲಿ ನಿಲ್ಲಿಸಿದೆವು. ತಂಪು ಪಾನೀಯದ ಯಂತ್ರದ ಪಕ್ಕ ಒಂದು ಪ್ಲಗ್ಗು ಖಾಲಿ ಇರುವುದು ನಮ್ಮನೆಯವರ ಕಣ್ಣಿಗೆ ಬಿತ್ತು. ಅಲ್ಲೇ ಕುಕ್ಕರಿಟ್ಟು ಬಿಸಿಬೇಳೆಬಾತಿಗೆ ಕೂತೆವು. ಮಗಳು ಮಾತ್ರ ಟೋಪಿ ಮುಖದ ಮೇಲೆಳೆದುಕೊಂಡು ದೂರದ ಬೆಂಚಿಗೆ ಹೋದಳು.

ಅಷ್ಟರಲ್ಲಿ ಆ ಜಾಗ ನೋಡಿಕೊಳ್ಳುವ ದೊಡ್ಡ ದೇಹದ ಆಸಾಮಿ ಬಂದ. ಕುಕ್ಕರಿನ ಹಬೆ ನೋಡಿದ, ನಮ್ಮನ್ನು ನೋಡಿದ, ಸೀದಾ ಮಗಳ ಹತ್ತಿರ ಹೋಗಿ ಅವರು ನಿನ್ನ ಮನೆಯವರೇ ಎಂದು ಕೇಳಿದ. "ಐ ಡೋಂಟ್ ನೋ ದೆಮ್" ಎಂದಳು ನಾನು ಹೆತ್ತ ಮಗಳು. ಅವನು ಹೆಗಲು ಕುಣಿಸಿ ಕಸದ ಡಬ್ಬಿ ಕಡೆ ಹೋದ.

ಒಗ್ಗರಣೆಯ ಪುಟ್ಟ ಬಾಣಲೆಗೆ ತುಪ್ಪ, ಗೋಡಂಬಿ ಬಿದ್ದವು. ಘಮ ಬೆಂಚಿನ ತನಕ ಹೋಯಿತು. ಹಸಿವು ಮಾನವನ್ನು ಗೆದ್ದಿತು. ಮಗಳು ಮೆಲ್ಲಗೆ ಬಂದು ತಟ್ಟೆ ಹಿಡಿದಳು. ಅತ್ತೆ ಎರಡು ಸೌಟು ಬಡಿಸಿ, ಮೇಲೆ ಬೂಂದಿ ಉದುರಿಸಿ, ಕೆನ್ನೆ ಸವರಿದರು.

ಕಸದ ಚೀಲ ಹೊತ್ತು ಮರಳುತ್ತಿದ್ದ ಆಸಾಮಿ ನಿಂತು ನೋಡಿದ. ಪರಿಚಯವಿಲ್ಲದವರೇ ನಿನಗೆ ಇಷ್ಟು ಚೆನ್ನಾಗಿ ಬಡಿಸುತ್ತಾರಲ್ಲ ಎಂದು ಮಗಳಿಗೆ ಹೇಳಿ, ನನಗೂ ಅವರ ಪರಿಚಯವಿಲ್ಲ ಎಂದು ಕೈಯೊಡ್ಡಿದ.

ಬರಿಗೈ

ಬಿಟ್ಟಿ ವಸತಿಯಲ್ಲಿ ಒಂದು ತೊಂದರೆ ಇದೆ. ಒಬ್ಬರ ಮನೆಗೆ ಬರಿಗೈಯಲ್ಲಿ ಹೋಗುವ ಹಾಗಿಲ್ಲ. ಹಣ್ಣು, ಮಕ್ಕಳಿಗೆ ಆಟದ ಸಾಮಾನು, ಡಾಕ್ಟರ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿರಲಿಲ್ಲವೆಂದು ಬೆಳ್ಳಿಯ ಕುಂಕುಮದ ಬಟ್ಟಲು, ಹೀಗೆ ಎಲ್ಲ ಸೇರಿ ಮೂಗಿಗಿಂತ ಮೂಗುತಿ ಭಾರವಾಯಿತು. ಹೋಟೆಲಿನವನಿಗೆ ಅರಿಶಿನ ಕುಂಕುಮ ಕೊಡಬೇಕಾಗಿಲ್ಲ ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಫ್ರೆಸ್ನೊದವರು ಹೊರಡುವಾಗ ನಮ್ಮನ್ನು ಮಾತ್ರ ಬರಿಗೈಯಲ್ಲಿ ಕಳಿಸುತ್ತಾರೆಯೇ? ತಾಂಬೂಲದ ಜೊತೆ ಒಂದು ದೊಡ್ಡ ಒಣಹಣ್ಣಿನ ಡಬ್ಬಿ ಕೊಟ್ಟರು. ಬಂಗಾರದ ಬಣ್ಣದ ಕಾಗದ, ಮೇಲೆ ಕೆಂಪು ರಿಬ್ಬನ್ನು. ನಮ್ಮನೆಯವರ ಕಣ್ಣು ಹೊಳೆಯಿತು. "ಇದನ್ನೇ ಡಾಕ್ಟರ ಮನೆಗೆ ಕೊಟ್ರಾಯ್ತು. ಬೆಳ್ಳಿ ಬಟ್ಟಲು ಉಳೀತು" ಎಂದರು.

ಡಾಕ್ಟರ ಹೆಂಡತಿ ಡಬ್ಬಿ ಕೈಗೆ ತೆಗೆದುಕೊಂಡು, ತಿರುಗಿಸಿ, ಒಂದು ಮೂಲೆಯಲ್ಲಿ ಅಂಟಿಸಿದ್ದ ಟೇಪು ನೋಡಿ ನಗಲು ಶುರುಮಾಡಿದರು. "ಇದು ನಂದೇ ರೀ. ನಮ್ಮ ಮಗಾ ಕೆಡವಿ ಮೂಲಿ ಹರದಿದ್ದಾ, ನಾನೇ ಟೇಪ್ ಹಚ್ಚಿ ಫ್ರೆಸ್ನೊದವರಿಗೆ ಕೊಟ್ಟಿದ್ದೆ. ನನಗೂ ಯಾರೋ ಕೊಟ್ಟಿದ್ರು ಅನ್ರಿ."

ನಮ್ಮನೆಯವರು ಗೋಡೆಯ ಮೇಲಿನ ಗಡಿಯಾರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ನಾನು ಕಾರಿಗೆ ಹೋಗಿ ಬೆಳ್ಳಿ ಬಟ್ಟಲು ತಂದೆ. ಅತ್ತೆ ಆ ಡಬ್ಬಿಯನ್ನು ಪ್ರೀತಿಯಿಂದ ಸವರಿ ಹೇಳಿದರು: "ಪಾಪ, ಎಷ್ಟು ಊರು ಸುತ್ತಿದೆಯೋ. ಇದಾದ್ರೂ ಸಮುದ್ರ ನೋಡಿದ್ಯೋ ಏನೋ."

ದ್ವಾಸಿ ಆರತಾವ

ಮಾರನೆಯ ದಿನವೇ ಸಮುದ್ರದ ದಿನ. ಅದು ತಪ್ಪಿದರೆ ಮುಗಿಯಿತು. ರಾತ್ರಿ ನನ್ನ ಗೆಳತಿಯ ಮನೆ, ಮರುದಿನ ನಮ್ಮೂರಿಗೆ ವಾಪಸು, ಆಮೇಲೆ ಪ್ಯಾಕಿಂಗು, ವಿಮಾನ. ಬೆಳಿಗ್ಗೆಯೇ ಹೊರಡಬೇಕೆಂದು ಅತ್ತೆ ಎಲ್ಲರಿಗಿಂತ ಮೊದಲು ಸ್ನಾನ ಮಾಡಿ, ಸೀರೆಯುಟ್ಟು, ಬಾಗಿಲ ಬಳಿ ಕುರ್ಚಿ ಎಳೆದುಕೊಂಡು ಕೂತಿದ್ದರು.

ಆದರೆ ಹುಬ್ಬಳ್ಳಿ ಕಡೆಯವರ ಮನೆಯಿಂದ ತಿನ್ನದೆ ಹೊರಡುವುದು ಸಾಧ್ಯವೇ? ದೋಸೆ ಒಂದಾದ ಮೇಲೊಂದು ಬಂದವು. ಆಮೇಲೆ ಹೊಸ ಮನೆಯ ಸೋಲಾರು, ಗ್ಯಾರೇಜು, ಹಿತ್ತಲಿನ ಕರಿಬೇವು ನೋಡಬೇಕಾಯಿತು. ಅಷ್ಟರಲ್ಲಿ ಊಟದ ಹೊತ್ತಾಯಿತು. ಊಟವಾದ ಕೂಡಲೇ ಗಾಡಿ ಓಡಿಸಬಾರದೆಂದು ಡಾಕ್ಟರು ವೃತ್ತಿಯ ಗಾಂಭೀರ್ಯದಿಂದಲೇ ಹೇಳಿದರು. ನಮ್ಮನೆಯವರು ಆಜ್ಞೆ ಪಾಲಿಸಿ ಸೋಫಾದ ಮೇಲೆ ಗೊರಕೆ ಹೊಡೆದರು. ಬಿಟ್ಟಿ ಸಿಕ್ಕಿದ ನಿದ್ದೆಯನ್ನೂ ಅವರು ಬಿಡುವವರಲ್ಲ.

ಬೆಳಿಗ್ಗೆ ದೋಸೆಯ ಹೊತ್ತಿನಲ್ಲೇ ಅತ್ತೆ ಮೆಲ್ಲಗೆ ಹೇಳಿ ನೋಡಿದ್ದರು. "ಸಮುದ್ರಕ್ಕೆ ಹೊತ್ತಾಗತ್ತೇನೋ."

ಡಾಕ್ಟರ ಹೆಂಡತಿ ಇನ್ನೊಂದು ದೋಸೆ ಹಾಕಿ ಹೇಳಿದ್ದರು: "ಸಮುದ್ರ ಎಲ್ಲಿ ಹೋಗ್ತದ್ರೀ ಅಮ್ಮಾರ? ಅಲ್ಲೇ ಇರ್ತದ. ದ್ವಾಸಿ ಆರತಾವ, ತಿನ್ರಿ."

ಪಾರ್ಕಿಂಗು

ಲಾಸ್ ಏಂಜಲೀಸಿನ ಟ್ರಾಫಿಕ್ಕು ದಾಟಿ ಕಡಲ ಊರು ಸೇರುವ ಹೊತ್ತಿಗೆ ಸೂರ್ಯ ಕೆಳಗಿಳಿದಿದ್ದ. ಬೀಚಿನ ಮುಂದೆಯೇ ದೊಡ್ಡ ಪಾರ್ಕಿಂಗು ಇತ್ತು, ಜಾಗವೂ ಇತ್ತು. ಹೊರಗಿನ ಹಲಗೆಯ ಮೇಲಿನ ದರ ನೋಡಿದ ನಮ್ಮನೆಯವರು ಬ್ರೇಕಿನಿಂದ ಕಾಲು ತೆಗೆದರು. "ಹಿಂದಿನ ಬೀದಿಯಲ್ಲಿ ಫ್ರೀ ಇರುತ್ತೆ" ಎಂದರು.

ಹಿಂದಿನ ಬೀದಿಯಲ್ಲಿರಲಿಲ್ಲ. ಅದರ ಹಿಂದಿನದರಲ್ಲೂ ಇರಲಿಲ್ಲ. ಸುತ್ತಿ ಸುತ್ತಿ ಅದೇ ಸಿಗ್ನಲ್ಲಿಗೆ ಬರುತ್ತಿದ್ದೆವು. ಪ್ರತಿ ಸುತ್ತಿಗೂ ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ತುಂಡು ಸಮುದ್ರ ಕಾಣುತ್ತಿತ್ತು, ಅತ್ತೆ ಕತ್ತು ಚಾಚುವುದರೊಳಗೆ ಮರೆಯಾಗುತ್ತಿತ್ತು. ನನಗೆ ಗಂಡನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಮತ್ತೆ ಸಿಗ್ನಲ್ಲು ಕೆಂಪಾಯಿತು. ಅತ್ತೆ ಬಾಗಿಲು ತೆಗೆದು ಇಳಿದೇ ಬಿಟ್ಟರು. "ಬಾ ಮಗು" ಎಂದು ಮೊಮ್ಮಗಳ ಕೈ ಹಿಡಿದು ನಡೆದರು. ನಾನೂ ಹಿಂದೆಯೇ ಇಳಿದೆ.

"ಅಮ್ಮಾ, ಇನ್ನೂ ಪಾರ್ಕಿಂಗ್ ಸಿಕ್ಕಿಲ್ಲ" ಎಂದು ನಮ್ಮನೆಯವರು ಕೂಗಿದರು.

"ನಂಗೆ ಪಾರ್ಕಿಂಗ್ ಬೇಡ ಕಣೋ" ಎಂದರು ಅತ್ತೆ, ಹಿಂದಿರುಗಿ ನೋಡದೆ.

ಮರಳಿನ ಮೇಲೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದರು. ಸೀರೆ ತುಸು ಎತ್ತಿಕೊಂಡು ನೀರಿಗಿಳಿದರು. ಮೊದಲ ಅಲೆ ಪಾದಕ್ಕೆ ಬಂದಾಗ ಮೊಮ್ಮಗಳ ತೋಳು ಗಟ್ಟಿಯಾಗಿ ಹಿಡಿದುಕೊಂಡರು, ಎರಡನೆಯದಕ್ಕೆ ಬಿಟ್ಟರು. ಬೊಗಸೆಯಲ್ಲಿ ನೀರು ತೆಗೆದು ತಲೆಗೆ ಪ್ರೋಕ್ಷಿಸಿಕೊಂಡು, ಮುಳುಗುವ ಸೂರ್ಯನಿಗೆ ಕೈ ಮುಗಿದರು. ಮುಖದಲ್ಲಿ ಇದ್ದದ್ದು ಬರಿಯ ಸಂತೋಷ. ನೋಡುತ್ತಾ ನನಗೆ ಅಳು ಬಂತು.

ಸ್ವಲ್ಪ ಹೊತ್ತಿಗೆ ಅತ್ತೆ ಆಚೆ ಈಚೆ ನೋಡಿ, ಮೊಮ್ಮಗಳನ್ನು ಹತ್ತಿರ ಕರೆದು ಪಿಸುಗುಟ್ಟಿದರು. "ನಾವು ಟಿಕೆಟ್ಟು ತಗೊಂಡಿಲ್ವಲ್ಲ ಮಗು, ಯಾರಾದ್ರೂ ಕೇಳಿದ್ರೆ?"

"ನೋ ಟಿಕೆಟ್ ಅಜ್ಜಿ. ಓಷನ್ ಈಸ್ ಫ್ರೀ."

ಅತ್ತೆ ನಂಬಲಿಲ್ಲ. ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

ಸೂರ್ಯ ಪೂರ್ತಿ ಮುಳುಗಿದ ಮೇಲೆ ನಮ್ಮನೆಯವರು ಏದುಸಿರು ಬಿಡುತ್ತಾ ಬಂದರು. "ಸಿಕ್ತು. ಪೂರ್ತಿ ಫ್ರೀ. ಸ್ವಲ್ಪ ದೂರ ಅಷ್ಟೆ, ಎರಡು ಮೈಲಿ" ಎಂದರು.

ಅತ್ತೆ ನೀರಿನಲ್ಲೇ ನಿಂತು ಕೇಳಿದರು. "ನಮ್ಮನೆ ಹತ್ತಿರದ ಸಮುದ್ರಕ್ಕೂ ಟಿಕೆಟ್ಟಿಲ್ವೇನೋ?"

"ಯಾವ ಟಿಕೆಟ್ಟಮ್ಮ? ಸಮುದ್ರಕ್ಕೆ ಎಲ್ಲಾದ್ರೂ ಟಿಕೆಟ್ಟಿರುತ್ತಾ?"

"ಐದು ತಿಂಗಳಿಂದ ನೀನು ಬಜೆಟ್ಟು ಬಜೆಟ್ಟು ಅನ್ನೋದು ಕೇಳಿ, ಈ ದೇಶದಲ್ಲಿ ಸಮುದ್ರ ನೋಡೋಕೆ ಸಿಕ್ಕಾಪಟ್ಟೆ ದುಡ್ಡಿರಬೇಕು, ಮಗನಿಗೆ ಯಾಕೆ ಹೊರೆ ಅಂತ ಬಾಯಿ ಮುಚ್ಕೊಂಡಿದ್ದೆ ಕಣೋ."

ಅತ್ತೆ ದಡಕ್ಕೆ ಬಂದು ಎರಡೂ ಚಪ್ಪಲಿಯನ್ನು ಮಗನ ಕೈಗೆ ಕೊಟ್ಟರು.

"ಹಿಡ್ಕೊಂಡಿರು. ಇನ್ನೊಂದು ಸಲ ಹೋಗ್ಬರ್ತೀನಿ. ಫ್ರೀ ಅಂತೆ."