ನಮ್ಮ ಓಣಿಯ ಹಳೇ ಮನೆಗಳಿಗೆ ಇತಿಹಾಸವೇ ಇಲ್ಲ

ಗೋಕಾಕದ ನಮ್ಮ ಹಳೇ ಓಣಿಯಲ್ಲಿ "ಊಟ ಆಯ್ತೇನ್ರಿ?" ಎಂದು ಕೇಳಿದರೂ ಜನ ಮೊದಲು "ಯಾಕ್ರಿ?" ಎನ್ನುತ್ತಾರೆ. ಅಂಥಲ್ಲಿ "ನಿಮ್ಮ ಮನೆಯಲ್ಲಿ ಹಿಂದೆ ಯಾರಿದ್ದರು?" ಎಂದು ಕೇಳಲು ಹೊರಟವನು ನಾನು, ಶಾಲೆಯ ಮಾಸ್ತರ. ರವಿವಾರ ಮಕ್ಕಳಿಗೆ ಇಲ್ಲಿನ ಹಳೇ ವಾಡೆಗಳನ್ನು, ಹಿಂದಿನವರ ದೊಡ್ಡ ಮನೆಗಳನ್ನು, ಒಳಹೊಕ್ಕು ತೋರಿಸುತ್ತೇನೆಂದು ಹೆಡ್‌ಮಾಸ್ತರರ ಮುಂದೆ ಎದೆ ತಟ್ಟಿ ಹೇಳಿಬಿಟ್ಟಿದ್ದೆ. ಒಂದು ಬಾಗಿಲೂ ತೆರೆಯದಿದ್ದರೆ ನನ್ನ ಮರ್ಯಾದೆ ಮೂರಾಬಟ್ಟೆ.

ಅರ್ಧ ಮುಖ

ಮೊದಲ ವಾಡೆಯ ಹೆಬ್ಬಾಗಿಲಿನೊಳಗೆ ಸಣ್ಣದೊಂದು ದಿಡ್ಡಿ ಬಾಗಿಲು. ತಟ್ಟಿದೆ. ಅಜ್ಜಿಯೊಬ್ಬಳ ಅರ್ಧ ಮುಖ ಕಂಡಿತು.

"ಈ ವಾಡೇ ಕಟ್ಟಿಸಿದವ್ರು ಯಾರ್ರಿ ಅಜ್ಜಿ?"

"ಪಾಲು ಕೇಳಾಕ ಮೂಡಲಗಿ ಮೈದುನ ಕಳಿಸ್ಯಾನೇನ್ ನಿನ್ನ?"

"ಇಲ್ರಿ, ಸಾಲಿ ಹುಡುಗೂರಿಗೆ ತೋರಸಾಕ."

"ಹಂಗಾರ ಹುಕ್ಕೇರಿ ನಾದಿನಿ ಕಳಿಸ್ಯಾಳ."

ಇಬ್ಬರೂ ನನಗೆ ಗೊತ್ತೇ ಇಲ್ಲವೆಂದು ಆಣೆ ಮಾಡಿದೆ.

"ಆಣಿ ಬ್ಯಾರೆ ಮಾಡತಿ! ಅಂದ್ರ ಇಬ್ಬರೂ ಕೂಡೇ ಕಳಿಸ್ಯಾರ" ಎಂದು ಅಜ್ಜಿ ಬಾಗಿಲು ಹಾಕಿದಳು.

ಮೊನ್ನೆಯ ಮನೆ

ಬಾಜೂ ಮನೆಯ ಕಾಕಾ ಬೀಗರು ಬಂದಾಗಲೆಲ್ಲ "ಮುತ್ತಜ್ಜನ ಕಾಲದ ಮನಿ" ಎಂದು ಮೀಸೆ ತಿರುವುವವರು. ಆದರೆ ನಾನು ಮೊಬೈಲಿನಲ್ಲಿ ಫೋಟೋ ತೆಗೆಯುವುದನ್ನು ಕಂಡು ಅವರಿಗೆ ದಿಗಿಲಾಯಿತು. ಹಳೇದೆಂದು ಗೊತ್ತಾದರೆ ಸರಕಾರದವರು ಬೋರ್ಡು ಹಾಕಿ ಮನೆಯನ್ನೇ ವಶಕ್ಕೆ ತೆಗೆದುಕೊಳ್ಳುತ್ತಾರೆಂದು ಯಾರೋ ಅವರ ಕಿವಿ ಕಚ್ಚಿದ್ದರು.

"ಎಷ್ಟ ಹಳೇದ್ರಿ ಮನಿ?"

"ಹಳೇದೆಲ್ಲೀದು? ಮೊನ್ನೆ ಕಟ್ಟೇವಿ."

"ಮತ್ತ ಈ ಕೆತ್ತನಿ ಕಂಬ?"

"ಆನ್‌ಲೈನ್ ತರಿಸೇನಿ."

ಗೋಡೆಯ ಮೇಲೆ ರುಮಾಲು ಸುತ್ತಿದ ಹಿರಿಯರ ಫೋಟೋ. ಮೂಗು ಥೇಟ್ ಕಾಕಾನದೇ. "ಇವ್ರು ನಿಮ್ಮ ಅಜ್ಜಾರಲ್ರಿ?" ಎಂದೆ.

ಕಾಕಾ ಫೋಟೋಕ್ಕೆ ಭಕ್ತಿಯಿಂದ ಕೈಮುಗಿದು ಹೇಳಿದರು: "ಬಾಡಿಗಿದಾರ್ರಿ."

ಟೊಳ್ಳು ಸಪ್ಪಳ

ಕರದಂಟಿನ ಅಂಗಡಿಯವರೊಬ್ಬರು ಮಾತ್ರ ಒಳಗೆ ಕರೆದು ಚಹಾ ಕೊಟ್ಟರು. ಅವರ ನಡುಮನೆಯಲ್ಲಿ ಹಗೇವು, ಅಂದರೆ ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ, ಇತ್ತೆಂದು ಕೇಳಿದ್ದೆ. ಕೈಯಲ್ಲಿದ್ದ ಕೊಡೆಯ ತುದಿಯಿಂದ ನೆಲದ ಕಲ್ಲುಗಳನ್ನು ತಟ್ಟುತ್ತ ಹೋದೆ. ಒಂದು ಕಡೆ ಟೊಳ್ಳು ಸಪ್ಪಳ ಬಂತು. "ಸಿಕ್ತ್ರಿ! ಇಲ್ಲೇ ಐತಿ!" ಎಂದು ಕೂಗಿದೆ. ಅವರ ಮುಖ ಬಿಳಿಚಿತು.

ಮರುದಿನ ಮೈತುಂಬ ಮಣ್ಣು ಮಾಡಿಕೊಂಡು ನನ್ನ ಮನೆಗೆ ಬಂದರು. "ನೆಲಾ ಎಲ್ಲಾ ಅಗದ ನೋಡೀನಿ. ಹುಳಾ ಹಿಡದ ಜ್ವಾಳ ಬಿಟ್ರ ಏನೂ ಇಲ್ಲ. ಖರೆ ಹೇಳ್ರಿ ಮಾಸ್ತರ, ಬಂಗಾರ ಯಾವಾಗ ಒಯ್ದ್ರಿ?"

ರವಿವಾರ

ಮಾಸ್ತರ ನಿಧಿ ಹುಡುಕುತ್ತಿದ್ದಾನೆಂಬ ಸುದ್ದಿ ಓಣಿಯಲ್ಲೆಲ್ಲ ಹಬ್ಬಿತು. ಆದರೂ ಮಕ್ಕಳನ್ನು ಕರೆತಂದೆ. ನೋಡಿದರೆ ಅಜ್ಜಿಯ ಹೆಬ್ಬಾಗಿಲು ಸೇರಿ ಎಲ್ಲ ಬಾಗಿಲುಗಳೂ ತೆರೆದಿವೆ! ನಿಧಿ ಸಿಕ್ಕರೆ ತಮ್ಮ ಮನೆಯಲ್ಲೇ ಸಿಗಲಿ ಎಂಬ ಆಸೆ ಎಲ್ಲರಿಗೂ. ನಾನು ಯಾವ ಮನೆ ಹೊಕ್ಕರೂ ಕಣ್ಣು ತಪ್ಪಬಾರದೆಂದು ಇಡೀ ಓಣಿಯೇ ಹಿಂದೆ ಬಂತು. ತಮ್ಮ ಮನೆಯ ಬಗ್ಗೆ ತುಟಿ ಬಿಚ್ಚದವರೆಲ್ಲ ಪಕ್ಕದ ಮನೆಯ ಇತಿಹಾಸವನ್ನು ಉಪ್ಪುಖಾರ ಹಚ್ಚಿ ಹೇಳಿದರು. ಕಾಕಾನ ಮನೆಯಲ್ಲಿ ಅಜ್ಜಿಯೇ ಫೋಟೋ ತೋರಿಸಿ, "ಇಂವನ ಅಜ್ಜಾನ ಇದನ್ನ ಕಟ್ಟಿಸಿದ್ದು" ಎಂದಳು. ನನ್ನ ಮರ್ಯಾದೆ ಉಳಿಯಿತು. ನಿಜಕ್ಕೂ ಖುಷಿಯಾಯಿತು.

ಕೊನೆಗೆ ಉಳಿದದ್ದು ನನ್ನದೇ ಮನೆ. ಎಲ್ಲರೂ ನುಗ್ಗಿದರು. ಕಾಕಾ ನನ್ನ ಕೈಯಿಂದ ಕೊಡೆ ಕಸಿದು ನಡುಮನೆಯ ನೆಲ ತಟ್ಟಿದರು.

ಢಂ!

ಹೆಂಡತಿ ನನ್ನ ಮುಖ ನೋಡಿದಳು. ನಾನು ಮೆಲ್ಲಗೆ ಆ ಕಲ್ಲಿನ ಮೇಲೆ ಹೋಗಿ ನಿಂತೆ.

"ಮಾಸ್ತರ, ಈ ಮನ್ಯಾಗ ಹಿಂದಕ ಯಾರಿದ್ರಿ?" ಎಂದರು ಕಾಕಾ.

"ಯಾರೂ ಇರಲಿಲ್ರಿ. ಮೊನ್ನೆ ಕಟ್ಟೇವಿ."

"ಮತ್ತ ಆ ಫೋಟೋದಾಗಿನವ್ರು?"

ನಾನು ನಮ್ಮಜ್ಜನ ಫೋಟೋಕ್ಕೆ ಕೈಮುಗಿದೆ.

"ಬಾಡಿಗಿದಾರ್ರಿ."